ಹುಟ್ಟಿದ ದಿನ ಧಾರವಾಡದಾಗ, ನೀವು ಹೊರದೇಶದಾಗ

ಹೊರದೇಶದಲ್ಲಿ ಮನೆ ಮಾಡಿದವರಿಗೆ ಹುಟ್ಟುಹಬ್ಬ ಎರಡು ಕಡೆಯ ಕೆಲಸ. ಊರಿನಲ್ಲಿರುವ ಅವ್ವ, ಅಪ್ಪ, ಆಯಿ, ಅಣ್ಣನ ಮಕ್ಕಳದ್ದನ್ನು ದೂರದಿಂದ ನಡೆಸಬೇಕು. ಜೊತೆಗಿರುವವರದ್ದನ್ನು ಪರ ಊರಿನಲ್ಲಿ, ಪರ ಭಾಷೆಯವರ ನಡುವೆ ಮಾಡಬೇಕು. ಎರಡನ್ನೂ ಕೆಡಿಸುವುದು ಹೆಚ್ಚಾಗಿ ಸಣ್ಣ ಸಣ್ಣ ಅಂಜಿಕೆಗಳೇ. ಬೇಕರಿಗೆ ಫೋನ್ ಹಚ್ಚಲು ಅಂಜಿಕೆ, ಒಗ್ಗರಣೆ ಹಾಕಿದರೆ ಹೊಗೆಯ ಅಲಾರ್ಮ್ ಒದರೀತೆಂಬ ಅಂಜಿಕೆ, ಪಕ್ಕದ ಮನೆಯ ಬೆಲ್ ಒತ್ತಲು ಅಂಜಿಕೆ, ಸರಿರಾತ್ರಿ ಊರಿಂದ ಕರೆ ಬಂದರೆ ಎದೆ ಧಸಕ್ಕೆನ್ನುವುದು. ಅಂಜಿಕೆ ಇರುವ ಕೆಲಸವನ್ನು ನಾವು 'ಮುಂದಿನ ವಾರ ನೋಡೋಣ' ಎಂದು ತಳ್ಳುತ್ತಲೇ ಇರುತ್ತೇವೆ. ಹುಟ್ಟಿದ ದಿನವನ್ನು ಹಾಗೆ ತಳ್ಳಲು ಬರುವುದಿಲ್ಲ. ಅದಕ್ಕೇ ಒಂದೊಂದು ಹುಟ್ಟುಹಬ್ಬಕ್ಕೆ ಒಂದೊಂದು ಅಂಜಿಕೆಯನ್ನು ಗಂಟು ಹಾಕುವುದು ಒಳ್ಳೆಯ ಉಪಾಯ. ಅದನ್ನು ಹೇಗೆ ಮಾಡಬೇಕೆಂಬುದು ಕೆಳಗಿದೆ.

ಯಾವ ದಿನ, ಎಷ್ಟು ಗಂಟೆಗೆ

ಮೊದಲು ತಾರೀಖು ಖಚಿತ ಮಾಡಿಕೊಳ್ಳಿ. ನಮ್ಮ ಕಡೆ ಅರವತ್ತು ದಾಟಿದವರ ಆಧಾರ್ ಕಾರ್ಡ್ ನೋಡಿದರೆ ಬಹಳ ಮಂದಿ ಜೂನ್ 1ಕ್ಕೇ ಹುಟ್ಟಿದ್ದಾರೆ! ಅದು ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದುಕೊಂಡ ತಾರೀಖು. ಮೊಬೈಲ್ ನೆನಪಿಸಿತೆಂದು ಆವತ್ತೇ ಕೇಕ್ ಕಳಿಸಿದರೆ ಅಪ್ಪ ನಕ್ಕು ಸುಮ್ಮನಾಗುತ್ತಾರೆ, ಅಷ್ಟೇ. ಖರೆ ದಿನ ಬೇಕಾದರೆ ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ. ಅವರು ತಾರೀಖು ಹೇಳುವುದಿಲ್ಲ, ಗುರುತು ಹೇಳುತ್ತಾರೆ: "ಕಾರ ಹುಣ್ಣಿಮಿ ಆಗಿ ಮೂರನೇ ದಿನಾ", "ಪಂಚಮಿ ಇನ್ನೂ ಎರಡು ದಿನ ಇತ್ತು ನೋಡ". ಈ ಗುರುತಿನ ಜೊತೆ ಹುಟ್ಟಿದ ವರ್ಷವೂ ಗೊತ್ತಾದರೆ ಹಳೆಯ ಪಂಚಾಂಗದಿಂದ ತಾರೀಖು ತೆಗೆಯಬಹುದು.

ತಿಥಿಯ ಮೇಲೆ ಮಾಡುವ ಮನೆಯಾದರೆ ಕ್ಯಾಲೆಂಡರಿನಲ್ಲಿ 'ಪ್ರತಿ ವರ್ಷ' ಎಂದು ಒತ್ತಿ ನಿಶ್ಚಿಂತರಾಗುವಂತಿಲ್ಲ. ಚಾಂದ್ರಮಾನ ವರ್ಷ ಸುಮಾರು 354 ದಿನದ್ದು, ಆದ್ದರಿಂದ ತಿಥಿ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಅಧಿಕ ಮಾಸ ಬಂದಾಗ ಹದಿನೆಂಟು-ಹತ್ತೊಂಬತ್ತು ದಿನ ಮುಂದಕ್ಕೆ ಜಿಗಿಯುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ. ಜ್ಯೇಷ್ಠದಲ್ಲಿ ಹುಟ್ಟಿದವರ ಹಬ್ಬ ಅದು ಮುಗಿದ ಮೇಲೆ, ನಿಜ ಜ್ಯೇಷ್ಠದಲ್ಲಿ. ಇದನ್ನು ಮರೆತು ಒಂದು ತಿಂಗಳು ಮೊದಲೇ ವಿಮಾನದ ಟಿಕೆಟ್ ತೆಗೆಸಿಬಿಡುವುದುಂಟು. ಅರವತ್ತರ ಶಾಂತಿಗೆ ಸಂವತ್ಸರವನ್ನೂ ನೋಡಿ: 1966ರ ಯುಗಾದಿಯಿಂದ ಮುಂದಿನ ಯುಗಾದಿಯೊಳಗೆ ಹುಟ್ಟಿದವರದ್ದು ಪರಾಭವ ಸಂವತ್ಸರ, ಅದು 2026ರ ಯುಗಾದಿಗೆ ಮತ್ತೆ ಬಂದಿದೆ. ಪ್ರತಿ ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಮನೆಯವರ ತಿಥಿಗಳನ್ನೆಲ್ಲ ಒಮ್ಮೆಗೇ ಕೂತು ಗುರುತು ಮಾಡಿಕೊಳ್ಳುವುದು ಸರಳ.

ಇನ್ನು ಗಂಟೆ. ಭಾರತದಲ್ಲಿ ಗಡಿಯಾರ ವರ್ಷಪೂರ್ತಿ ಒಂದೇ. ನಿಮ್ಮ ಕಡೆಯದೇ ಸರಿಯುತ್ತದೆ. ದುಬೈ ಯಾವಾಗಲೂ ಒಂದೂವರೆ ತಾಸು ಹಿಂದೆ, ಸಿಂಗಪುರ ಎರಡೂವರೆ ತಾಸು ಮುಂದೆ. ಲಂಡನ್ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ತಾಸು ಹಿಂದೆ. ಜರ್ಮನಿಗೆ ಅದರಲ್ಲಿ ಒಂದು ತಾಸು ಕಳೆಯಿರಿ. ನ್ಯೂಯಾರ್ಕ್ ಒಂಬತ್ತೂವರೆ ಅಥವಾ ಹತ್ತೂವರೆ, ಕ್ಯಾಲಿಫೋರ್ನಿಯಾ ಹನ್ನೆರಡೂವರೆ ಅಥವಾ ಹದಿಮೂರೂವರೆ. ಅಮೆರಿಕದಲ್ಲಿ ಗಡಿಯಾರ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಬದಲಾಗುತ್ತದೆ, ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಅಣ್ಣ ಅಮೆರಿಕದಲ್ಲಿ, ತಂಗಿ ಜರ್ಮನಿಯಲ್ಲಿ ಇದ್ದರೆ ಮಾರ್ಚ್‌ನ ಆ ನಡುವಿನ ವಾರಗಳಲ್ಲಿ ಒಬ್ಬರಿಗೆ ಕರೆ ತಪ್ಪಿತೆಂದೇ ತಿಳಿಯಿರಿ. ಹಾಗಾಗಿ ಎಲ್ಲರೂ ಊರಿನ ಗಂಟೆಯನ್ನೇ ಹೇಳುವ ರೂಢಿ ಇಟ್ಟುಕೊಳ್ಳಿ, ತಮ್ಮ ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಲಿ.

ಊರಿನಲ್ಲಿ ದೀಪ ಹಚ್ಚುವ ಹೊತ್ತು, ಸಂಜೆ 7, ಬಹುತೇಕ ದೇಶಗಳಿಗೆ ಹೊಂದುತ್ತದೆ: ಬೇಸಿಗೆಯಲ್ಲಿ ಲಂಡನ್‌ಗೆ ಮಧ್ಯಾಹ್ನ 2:30, ನ್ಯೂಯಾರ್ಕಿಗೆ ಬೆಳಿಗ್ಗೆ 9:30, ಕ್ಯಾಲಿಫೋರ್ನಿಯಾಕ್ಕೆ 6:30. ಸಿಡ್ನಿಯವರಿಗೆ ಮಾತ್ರ ಅದು ಸರಿರಾತ್ರಿ; ಅವರಿದ್ದರೆ ಊರಿನ ಬೆಳಿಗ್ಗೆ 8 ಗಂಟೆ ಇಡಿ, ಅಲ್ಲಿ ಮಧ್ಯಾಹ್ನವಾಗಿರುತ್ತದೆ. ಅಮೆರಿಕದವರು ಹೆಚ್ಚಾಗಿ ಮಾಡುವ ತಪ್ಪು ಒಂದೇ. ಅವ್ವ ಏಳುವ ಹೊತ್ತಿಗೆ, ಅಂದರೆ ಬೆಳಿಗ್ಗೆ 6:30ಕ್ಕೆ ಮಾತಾಡಬೇಕಾದರೆ ನ್ಯೂಯಾರ್ಕಿನಲ್ಲಿ ಹಿಂದಿನ ದಿನದ ರಾತ್ರಿ 9 ಅಥವಾ 8 ಗಂಟೆ. ಅಲಾರ್ಮನ್ನು ಹುಟ್ಟಿದ ತಾರೀಖಿನ ರಾತ್ರಿಗೇ ಇಟ್ಟರೆ ಊರಿನಲ್ಲಿ ಆ ದಿನವೇ ಮುಗಿದು ಮರುದಿನ ಬೆಳಗಾಗಿರುತ್ತದೆ.

ಊರಿನ ಕಡೆಯ ಕೆಲಸ

ಊರಿನಲ್ಲಿ ನಿಮ್ಮ ಪರವಾಗಿ ಓಡಾಡುವವರು ಒಬ್ಬರೇ ಇರಲಿ: ಕಾಕಾನ ಮಗ, ಓಣಿಯ ಹುಡುಗ, ಯಾರಾದರೂ ಸರಿ. ಮೂವರಿಗೆ ಹೇಳಿದರೆ ಮೂರು ಕೇಕ್ ಬರುತ್ತವೆ, ಇಲ್ಲವೇ ಒಂದೂ ಬರುವುದಿಲ್ಲ. ಎರಡು ದಿನ ಮೊದಲೇ ಬೇಕರಿಯಲ್ಲಿ ಹೇಳಿಸಿ. ಹತ್ತು-ಹನ್ನೆರಡು ಮಂದಿಗೆ ಒಂದು ಕಿಲೋ ಸಾಕು. ಮೊಟ್ಟೆ ಇಲ್ಲದ್ದು ಎಂಬುದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಹೆಸರು ಹೇಗೆ ಬರೆಯಬೇಕೆಂಬುದನ್ನೂ ಸೇರಿಸಿ ಕನ್ನಡದಲ್ಲಿ ಬರೆದು ಫೋಟೊ ಕಳಿಸಿ. ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ (ಹೊರದೇಶದಲ್ಲಿರುವವರಿಗೆ ಭಾರತದ ಬ್ಯಾಂಕು ಕೊಡುವ ಖಾತೆ) ಇದ್ದರೆ ಅಮೆರಿಕ, ಇಂಗ್ಲೆಂಡ್, ಸಿಂಗಪುರ, ಆಸ್ಟ್ರೇಲಿಯಾ, ಯುಎಇ ಮೊದಲಾದ ಕೆಲವು ದೇಶಗಳ ಮೊಬೈಲ್ ನಂಬರಿಗೇ ಯುಪಿಐ ಜೋಡಿಸಬಹುದು, ನಿಮ್ಮ ಬ್ಯಾಂಕು ಆ ಸೌಲಭ್ಯ ಕೊಟ್ಟಿದ್ದರೆ. ಬೇಕರಿಗೆ ನೀವೇ ದುಡ್ಡು ಹಾಕಿದರೆ ಕೈಸಾಲದ ಲೆಕ್ಕ ಉಳಿಯುವುದಿಲ್ಲ.

ಉಡುಗೊರೆಯನ್ನು ಹೊರದೇಶದಿಂದ ಪಾರ್ಸೆಲ್ ಮಾಡುವ ಹುರುಪು ಬೇಡ. ಮೊದಲು 5,000 ರೂಪಾಯಿ ಒಳಗಿನ ಕಾಣಿಕೆಗೆ ಸುಂಕ ಇರಲಿಲ್ಲ. 2019ರ ಡಿಸೆಂಬರ್‌ನಲ್ಲಿ ಆ ರಿಯಾಯಿತಿ ಹೋಯಿತು, ರಾಖಿ ಮತ್ತು ಜೀವ ಉಳಿಸುವ ಔಷಧಿಗೆ ಮಾತ್ರ ಉಳಿಯಿತು. ಈಗ ಅವ್ವನಿಗೆ ಕಳಿಸಿದ ಸ್ವೆಟರ್ ಪಡೆಯಲು ಅವ್ವನೇ ಸುಂಕ ಕಟ್ಟಬೇಕಾಗುತ್ತದೆ. ಇಳಕಲ್ ಸೀರೆಯನ್ನು ಹುಬ್ಬಳ್ಳಿಯ ಅಂಗಡಿಯಿಂದಲೇ ಕೊಡಿಸಿ.

ಹಬ್ಬದ ದಿನ ಕೆಡುವುದು ಹೆಚ್ಚಾಗಿ ಫೋನ್ ಇಡುವ ಜಾಗದಿಂದ. ಮೊಮ್ಮಗನ ಕೈಗೆ ಕೊಟ್ಟರೆ ಅರ್ಧ ತಾಸು ಫ್ಯಾನು, ಗೋಡೆ, ಆಯಿಯ ಹಣೆ ಇಷ್ಟೇ ಕಾಣುತ್ತದೆ. ಕೂತವರ ಕಣ್ಣಿನ ಎತ್ತರಕ್ಕೆ, ಎರಡು-ಮೂರು ಅಡಿ ದೂರದಲ್ಲಿ, ಸ್ಟೀಲ್ ಡಬ್ಬಿಗೆ ಆನಿಸಿ ಇಡಲಿ. ಕಿಟಕಿ ಅವರ ಹಿಂದೆ ಬೇಡ, ಮುಖ ಕಪ್ಪಾಗುತ್ತದೆ. ಟಿವಿ, ಫ್ಯಾನು ಬಂದ್. ಕರೆಂಟ್ ಹೋದರೆ ಮನೆಯ ವೈಫೈಯೂ ಹೋಗುತ್ತದೆ, ಆ ಫೋನಿನಲ್ಲಿ ಮೊಬೈಲ್ ಡೇಟಾ ಇರಲಿ. ನೀವು ಯುಎಇಯಲ್ಲಿದ್ದರೆ ವಾಟ್ಸಪ್ ಕರೆ ನಡೆಯದು, ಅಲ್ಲಿ ಅನುಮತಿ ಇರುವ ಆ್ಯಪ್ ಒಂದನ್ನು ಊರಿನ ಫೋನಿನಲ್ಲೂ ಮೊದಲೇ ಹಾಕಿಸಿ, ಹಿಂದಿನ ದಿನ ಒಮ್ಮೆ ಹಚ್ಚಿ ನೋಡಿ.

ಆರತಿ ಮೊದಲು, ಕೇಕ್ ಆಮೇಲೆ. ಹಿರಿಯರು ಬಹಳ ಮಂದಿ ದೀಪವನ್ನು ಊದಿ ಆರಿಸಲು ಒಪ್ಪುವುದಿಲ್ಲ. ಅವರ ಕೇಕಿನ ಮೇಲೆ ಮೇಣಬತ್ತಿಯೇ ಬೇಡ, ಹಣತೆ ಪಕ್ಕದಲ್ಲಿ ತಾನಾಗಿ ಉರಿಯಲಿ. ಕರೆಯ ಮೊದಲ ಐದು ನಿಮಿಷ ಹಬ್ಬದವರೊಬ್ಬರೇ ನಿಮ್ಮ ಜೊತೆ ಮಾತಾಡಲಿ, ಗುಂಪು ಅನಂತರ ಸೇರಲಿ. ಇಲ್ಲದಿದ್ದರೆ ಯಾರ ಹಬ್ಬವೋ ಅವರೇ ಮೂಲೆಯಲ್ಲಿ ನಗುತ್ತ ಕೂತಿರುತ್ತಾರೆ. ಒಟ್ಟು 25 ನಿಮಿಷ ಸಾಕು, ಊಟ ಆರಿ ಹೋಗಬಾರದು.

ನಿಮ್ಮ ಮನೆಯಲ್ಲಿ: ಪೇಢೆ, ಅಲಾರ್ಮ್, ಶೇಂಗಾ

ಧಾರವಾಡ ಪೇಢೆಯನ್ನು ಸೂಟ್‌ಕೇಸಿನಲ್ಲಿ ಒಯ್ಯುವ ಆಸೆ ಎಲ್ಲರಿಗೂ ಇದೆ. ಆದರೆ ಭಾರತದಿಂದ ಹಾಲಿನ ಪದಾರ್ಥಗಳನ್ನು ಬ್ರಿಟನ್ನಿಗೂ ಯುರೋಪ್ ಒಕ್ಕೂಟದ ದೇಶಗಳಿಗೂ ಪ್ರಯಾಣಿಕರು ಒಯ್ಯುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ತಿನ್ನುವ ವಸ್ತು ಏನೇ ಇದ್ದರೂ ಇಳಿಯುವ ಮೊದಲು ಕೊಡುವ ಫಾರ್ಮಿನಲ್ಲಿ ಬರೆಯಲೇಬೇಕು, ಮುಚ್ಚಿಟ್ಟರೆ ದಂಡ. ಹಾಗಾಗಿ ಅಲ್ಲೇ ಮಾಡಿಕೊಳ್ಳಿ. 20 ಪೇಢೆಗೆ ಬೇಕಾದದ್ದು: ಪೂರ್ಣ ಕೆನೆಯ ಹಾಲಿನ ಪುಡಿ 250 ಗ್ರಾಂ, ಹಾಲು 200 ಎಂಎಲ್, ತುಪ್ಪ 60 ಗ್ರಾಂ, ಸಕ್ಕರೆ 100 ಗ್ರಾಂ, ಹೊರಳಿಸಲು ಸಕ್ಕರೆ ಪುಡಿ 50 ಗ್ರಾಂ, ಏಲಕ್ಕಿ ಐದಾರು. ಯುರೋಪಿನ ಅಂಗಡಿಗಳಲ್ಲಿ ಕೈಗೆ ಮೊದಲು ಸಿಗುವುದು ಕೆನೆ ತೆಗೆದ ಪುಡಿ. ಅದರಲ್ಲಿ ಮಾಡಿದರೆ ರಬ್ಬರಾಗುತ್ತದೆ. ಕೊಬ್ಬಿನ ಅಂಶ 26 ಶೇಕಡಾ ಅಥವಾ ಹೆಚ್ಚಿರುವುದನ್ನು ನೋಡಿ ತನ್ನಿ.

ಬುಡ ದಪ್ಪಗಿರುವ ಕಡಾಯಿಯಲ್ಲಿ ತುಪ್ಪ, ಹಾಲು ಬೆಚ್ಚಗೆ ಮಾಡಿ ಪುಡಿಯನ್ನು ಸ್ವಲ್ಪ ಸ್ವಲ್ಪ ಹಾಕುತ್ತ ಕೈಯಾಡಿಸಿ. ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷಕ್ಕೆ ಅಂಚು ಬಿಟ್ಟು ಖವಾ ಆಗುತ್ತದೆ. ನಿಲ್ಲಿಸಬೇಡಿ, ಪೇಢೆ ಧಾರವಾಡದ್ದಾಗುವುದು ಇಲ್ಲಿಂದ ಮುಂದೆ. ಅದೇ ಸಣ್ಣ ಉರಿಯಲ್ಲಿ ಮತ್ತೆ 20-25 ನಿಮಿಷ ಹುರಿಯಿರಿ, ಒಣಗಿದಂತೆ ಕಂಡಾಗ ಒಂದು ಚಮಚ ಹಾಲು ಚಿಮುಕಿಸಿ. ಹಾಲಿನ ಸಕ್ಕರೆ ಮತ್ತು ಪ್ರೋಟೀನು ಕಾವಿಗೆ ಕೂಡಿ ಕಂದು ಬಣ್ಣ, ಆ ಘಮ ಬರುತ್ತವೆ. ಅವಸರಕ್ಕೆ ಉರಿ ಏರಿಸಿದರೆ ಕರಿ ಚುಕ್ಕೆ ಬಿದ್ದು ಕಹಿಯಾಗುತ್ತದೆ. ಇಳಿಸಿ, ಉಗುರು ಬೆಚ್ಚಗಾದ ಮೇಲೆ ಮಿಕ್ಸಿಯಲ್ಲಿ ನಾಲ್ಕೈದು ಸಲ ಬಿಟ್ಟು ಬಿಟ್ಟು ತಿರುಗಿಸಿ, ಸಕ್ಕರೆ, ಏಲಕ್ಕಿ ಕೂಡಿಸಿ. ಸಕ್ಕರೆಯನ್ನು ಬಿಸಿ ಖವಾಕ್ಕೆ ಹಾಕಿದರೆ ನೀರೊಡೆದು ಅಂಟಾಗಿ, ಆರಿದ ಮೇಲೆ ಕಲ್ಲಾಗುತ್ತದೆ. ಎರಡು ಚಮಚ ಹಾಲು ಹಾಕಿ ಮೂರು ನಿಮಿಷ ಮತ್ತೆ ಒಲೆಯ ಮೇಲಿಟ್ಟು, ಕೈ ತಾಳುವಷ್ಟು ಆರಿದಾಗ ಉದ್ದುದ್ದ ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸಿ. ಧಾರವಾಡದ ಲೈನ್ ಬಜಾರದ ಪೇಢೆಯ ರುಚಿ ಪೂರ್ತಿ ಬಂತೆಂದು ಯಾರೂ ಹೇಳುವುದಿಲ್ಲ, ಆದರೆ ತಟ್ಟೆ ಖಾಲಿಯಾಗುತ್ತದೆ.

ಈಗ ಅಲಾರ್ಮಿನ ಮಾತು. ಇದರ ಅಂಜಿಕೆಗೆ ಎಷ್ಟೋ ಮನೆಗಳಲ್ಲಿ ಮಿರ್ಚಿ ಭಜಿ ನಿಂತೇಹೋಗಿದೆ. ಎಣ್ಣೆ ಹಾಕುವ ಹತ್ತು ನಿಮಿಷ ಮೊದಲೇ ಹೊರಗಿನ ಕಿಟಕಿ ತೆಗೆದು ಒಲೆಯ ಮೇಲಿನ ಫ್ಯಾನ್ ಹಚ್ಚಿ, ಮಲಗುವ ಕೋಣೆಗಳ ಬಾಗಿಲು ಮುಚ್ಚಿ. ಎಣ್ಣೆ 170-180 ಡಿಗ್ರಿಯಲ್ಲಿರಲಿ. ಹೊಗೆ ಏಳುವಷ್ಟು ಕಾಯುವುದೇ ತಪ್ಪು. ಒಗ್ಗರಣೆಗೆ ಸಾಸಿವೆ ಹಾಕಿದ ಕೂಡಲೇ ಮುಚ್ಚಳ, ಬ್ಯಾಡಗಿ ಮೆಣಸಿನಕಾಯಿ ಕೊನೆಗೆ. ಅಲಾರ್ಮ್ ಹೊಡೆದುಕೊಂಡರೆ ಒಲೆ ಆರಿಸಿ, ಅದರ ನಡುವಿನ ಗುಂಡಿ ಒತ್ತಿ (ಬಹಳಷ್ಟು ಮಾದರಿಗಳಲ್ಲಿ ಅದು ಕೆಲ ನಿಮಿಷ ಸುಮ್ಮನಾಗಿಸುತ್ತದೆ), ಟವೆಲ್ ಬೀಸಿ ಹೊಗೆಯನ್ನು ಕಿಟಕಿಯ ಕಡೆಗೆ ಹೊಡೆಯಿರಿ. ಗಾಬರಿಯಲ್ಲಿ ಮುಂಬಾಗಿಲು ತೆಗೆದಿರೋ, ಹೊಗೆ ಹೊರಗಿನ ಕಾರಿಡಾರಿಗೆ ಹೋಗಿ ಇಡೀ ಕಟ್ಟಡದ ಅಲಾರ್ಮ್ ಎದ್ದು ಮಂದಿಯೆಲ್ಲ ಚಳಿಯಲ್ಲಿ ಹೊರಗೆ ನಿಲ್ಲಬೇಕಾಗುತ್ತದೆ. ಪ್ಲಾಸ್ಟಿಕ್ ಚೀಲ ಕಟ್ಟುವುದು, ಬ್ಯಾಟರಿ ತೆಗೆಯುವುದು ಬೇಡವೇ ಬೇಡ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಮುಚ್ಚಳ ಮುಚ್ಚಿ ಒಲೆ ಆರಿಸಬೇಕು. ಆರತಿಗೆ ಎರಡು ಬತ್ತಿ, ಎಣ್ಣೆಗಿಂತ ತುಪ್ಪ ವಾಸಿ, ಅಲಾರ್ಮಿನ ಕೆಳಗೆ ನಿಲ್ಲದೆ ಬೆಳಗಿ.

ಮಕ್ಕಳ ಹುಟ್ಟುಹಬ್ಬಕ್ಕೆ ಸಾಲಿಯ ಗೆಳೆಯರನ್ನು ಕರೆಯುವುದಾದರೆ ಮೂರು ವಾರ ಮೊದಲು ಕರೆ ಕೊಡಿ, ಶುರುವಾಗುವ ಹೊತ್ತಿನ ಜೊತೆ ಮುಗಿಯುವ ಹೊತ್ತನ್ನೂ ಬರೆಯಿರಿ. ಎರಡು ತಾಸು ಸಾಕು. ನಮ್ಮಲ್ಲಿ 'ಊಟ ಆದ ಮ್ಯಾಲೆ ಹೋಗ್ರಿ' ಎಂದರೆ ನಡೆಯುತ್ತದೆ, ಅಲ್ಲಿ ತಂದೆತಾಯಿ ಹೇಳಿದ ನಿಮಿಷಕ್ಕೆ ಬಾಗಿಲಲ್ಲಿರುತ್ತಾರೆ. ಜರ್ಮನಿಯಲ್ಲಿ ಹುಟ್ಟಿದ ದಿನಕ್ಕಿಂತ ಮೊದಲು ಶುಭಾಶಯ ಹೇಳುವುದು ಅಪಶಕುನ, ಮತ್ತು ಆಫೀಸಿಗೆ ಕೇಕ್ ತರಬೇಕಾದವರು ಹುಟ್ಟುಹಬ್ಬದವರೇ.

ಎಲ್ಲಕ್ಕಿಂತ ಮುಖ್ಯ, ಅಲರ್ಜಿ ಏನಿದೆ ಎಂದು ಕರೆಯಲ್ಲೇ ಕೇಳಿ. ನಮ್ಮ ಅಡುಗೆಯಲ್ಲಿ ಶೇಂಗಾ ಎಲ್ಲೆಲ್ಲಿದೆ ಎಂಬುದು ನಮಗೇ ಮರೆತಿರುತ್ತದೆ: ಚಟ್ನಿಪುಡಿ, ಎಣ್ಣೆಗಾಯಿಯ ಮಸಾಲೆ, ಒಗ್ಗರಣೆ ಹಾಕಿದ ಚುರುಮುರಿ, ಹೋಳಿಗೆ, ಕೆಲವೊಮ್ಮೆ ಕರಿಯುವ ಎಣ್ಣೆಯೂ. ಶೇಂಗಾ ಅಲರ್ಜಿ ಇರುವ ಮಗುವಿಗೆ ಚೂರು ಸಾಕು, ಉಸಿರು ಕಟ್ಟಬಹುದು. ಅಂಥ ಮಗು ಬರುವುದಿದ್ದರೆ ಎರಡು ದಿನ ಮೊದಲೇ ಶೇಂಗಾ ಡಬ್ಬಿ ಕಟ್ಟಿಡಿ, ಮಿಕ್ಸಿ ಜಾರ್ ಮತ್ತು ಅದರ ರಬ್ಬರ್ ವಾಷರ್ ಬಿಸಿನೀರು, ಸೋಪಿನಲ್ಲಿ ತೊಳೆಯಿರಿ, ಹೊಸ ಎಣ್ಣೆ ಒಡೆಯಿರಿ. ಅಲರ್ಜಿ ಏರಿದಾಗ ಹಾಕುವ ಆ ಮಗುವಿನ ಇಂಜೆಕ್ಷನ್ ಪೆನ್ನು ಎಲ್ಲಿದೆ, ಹೇಗೆ ಹಾಕಬೇಕು ಎಂದು ಬಿಡಲು ಬಂದ ತಾಯಿಯನ್ನೇ ಕೇಳಿಕೊಳ್ಳಿ. ಕೇಳಿದ್ದಕ್ಕೆ ಯಾರೂ ಬೇಜಾರಾಗುವುದಿಲ್ಲ.

ಅಂಜಿಕೆಗೆ ಮೆಟ್ಟಿಲು ಕಟ್ಟುವುದು

1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಪೀಟರ್ ಎಂಬ ಪುಟ್ಟ ಹುಡುಗನಿಗೆ ಮೊಲ ಕಂಡರೆ ಭಯ. ಅವನು ಇಷ್ಟದ ತಿಂಡಿ ತಿನ್ನುವ ಹೊತ್ತಿಗೆ ಮೊಲದ ಪಂಜರವನ್ನು ದೂರದಲ್ಲಿಟ್ಟು, ದಿನ ಕಳೆದಂತೆ ಹತ್ತಿರ ತಂದರು. ಕೊನೆಗೆ ಅವನೇ ಅದನ್ನು ಮುಟ್ಟತೊಡಗಿದ. ಸಣ್ಣ ಅಂಜಿಕೆಗಳಿಗೆ ಇಂದಿಗೂ ದಾರಿ ಇದೇ, ಹುಟ್ಟುಹಬ್ಬದಲ್ಲಂತೂ ತಿಂಡಿಗೆ ಬರವಿಲ್ಲ.

ಒಂದು ಹಾಳೆಯಲ್ಲಿ ನಿಮ್ಮ ಅಂಜಿಕೆಗಳನ್ನು ಬರೆದು ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಿ. ಮೂರು-ನಾಲ್ಕು ಅಂಕದ್ದನ್ನು ಮೊದಲು ಹಿಡಿಯಿರಿ. ಎಂಟರದ್ದಕ್ಕೆ ಒಮ್ಮೆಲೇ ಕೈ ಹಾಕಿದರೆ ನಡುವೆಯೇ ಓಡಿ ಬರುತ್ತೀರಿ. ಹಾಗೆ ಓಡಿದಾಗ ಸಿಗುವ ಹಗುರವೇ ಮುಂದಿನ ಸಲಕ್ಕೆ ಅಂಜಿಕೆಯನ್ನು ಬೆಳೆಸುತ್ತದೆ. ಕೇಕಿಗಾಗಿ ಫೋನ್ ಹಚ್ಚುವುದನ್ನೇ ತೆಗೆದುಕೊಳ್ಳಿ:

1. ಹುಟ್ಟುಹಬ್ಬಕ್ಕೆ ನಾಲ್ಕು ವಾರ ಇರುವಾಗ ಬೇಕರಿಗೆ ಹೋಗಿ ಒಂದು ಬನ್ ಕೊಂಡು ಬನ್ನಿ. ಜನ ಹೇಗೆ ಕೇಳುತ್ತಾರೆ, ಯಾವ ಶಬ್ದ ಬಳಸುತ್ತಾರೆ ಎಂದು ಕಿವಿಗೊಡಿ.
2. ಮೂರು ವಾರ ಇರುವಾಗ ಎದುರು ನಿಂತು ಒಂದೇ ಪ್ರಶ್ನೆ ಕೇಳಿ: ಮೊಟ್ಟೆ ಇಲ್ಲದ ಕೇಕ್ ಮಾಡುತ್ತೀರಾ?
3. ಎರಡು ವಾರ ಇರುವಾಗ ಫೋನ್ ಮಾಡಿ ಅಂಗಡಿ ಎಷ್ಟು ಗಂಟೆಯವರೆಗೆ ಎಂದಷ್ಟೇ ಕೇಳಿ ಇಟ್ಟುಬಿಡಿ. ಇದೇ ಕರೆಯನ್ನು ಬೇರೆ ಎರಡು ಅಂಗಡಿಗೂ ಮಾಡಿ.
4. ಒಂದು ವಾರ ಇರುವಾಗ ಆರ್ಡರ್ ಕೊಡಿ. ಶನಿವಾರ ಬೇಡ, ವಾರದ ನಡುವೆ, ಗಿರಾಕಿ ಕಡಿಮೆ ಇರುವ ಮಧ್ಯಾಹ್ನ 3ರ ಸುಮಾರಿಗೆ.

ನಾಲ್ಕನೇ ಕರೆಗೆ ಐದು ಸಾಲು ಬರೆದಿಟ್ಟುಕೊಳ್ಳಿ: ಯಾವ ದಿನ, ಎಷ್ಟು ಮಂದಿಗೆ, ಮೊಟ್ಟೆ ಇಲ್ಲ, ಮೇಲೆ ಏನು ಬರೆಯಬೇಕು, ಎಷ್ಟಕ್ಕೆ ಒಯ್ಯುತ್ತೀರಿ. ಹಿರೇಮಠ, ಅಂಗಡಿ, ಮೆಣಸಿನಕಾಯಿ ಎಂಬ ಅಡ್ಡಹೆಸರು ಅವರಿಗೆ ಒಂದೇ ಸಲಕ್ಕೆ ಹತ್ತುವುದಿಲ್ಲ. ಅಕ್ಷರ ಬಿಡಿಸಿ ಹೇಳುವುದನ್ನು ಮೊದಲೇ ಬಾಯಿಪಾಠ ಮಾಡಿ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ತಿಳಿಯದಿದ್ದರೂ ಮರ್ಯಾದೆಗೆ 'ಹೂಂ' ಎನ್ನುವುದು. ಹಾಗೆ ಹೂಂಗುಟ್ಟಿದವರ ಮನೆಗೆ ಕಾಫಿ ಕೇಕ್ ಬರುತ್ತದೆ. 'ಇನ್ನೊಮ್ಮೆ ನಿಧಾನ ಹೇಳಿ' ಎಂಬುದನ್ನು ಆ ಭಾಷೆಯಲ್ಲಿ ಹಾಳೆಯ ತಲೆಗೇ ಬರೆದಿಡಿ, ಕೊನೆಗೆ ಎಲ್ಲವನ್ನೂ ಮೆಸೇಜಿನಲ್ಲಿ ಕಳಿಸಲು ಹೇಳಿ. ಎದೆ ಹೊಡೆದುಕೊಳ್ಳುವುದು ನಿಲ್ಲಲೆಂದು ಕಾಯಬೇಡಿ. ಕರೆಯ ಮೊದಲ ಒಂದೆರಡು ನಿಮಿಷ ಹೊಡೆದುಕೊಂಡು ತಾನೇ ಇಳಿಯುತ್ತದೆ, ಇಳಿಯುವವರೆಗೆ ಫೋನ್ ಇಡದಿರುವುದೇ ಮದ್ದು. ಗಂಡನೋ ಹೆಂಡತಿಯೋ ಪಕ್ಕದಿಂದ ಫೋನ್ ಕಸಿದುಕೊಂಡು ಮಾತಾಡಿಬಿಟ್ಟರೆ ನಾಲ್ಕು ವಾರದ ಕೆಲಸ ಹೊಳೆಗೆ ಹೋಯಿತು.

ಪಕ್ಕದ ಮನೆಯ ಬೆಲ್ ಒತ್ತಲು ಪೇಢೆ ಡಬ್ಬಿಯೇ ನೆಪ. ಹಬ್ಬಕ್ಕೆ ಮೂರು ದಿನ ಇರುವಾಗ ಹೋಗಿ, ಇಂಥ ದಿನ ಇಷ್ಟರವರೆಗೆ ಸದ್ದಿರುತ್ತದೆ ಎಂದು ಹೇಳಿ, ಡಬ್ಬಿಯ ಮೇಲೆ ಹಾಲು, ತುಪ್ಪ, ಸಕ್ಕರೆ, ಏಲಕ್ಕಿ ಎಂದು ಬರೆದ ಚೀಟಿ ಅಂಟಿಸಿ ಕೊಡಿ. ಎರಡು ನಿಮಿಷದ ಕೆಲಸ. ಅವರು ಒಳಗೆ ಕರೆಯದಿದ್ದರೆ ಅವಮಾನವೆಂದು ತಿಳಿಯಬೇಡಿ, ಅಲ್ಲಿ ಬಾಗಿಲಲ್ಲೇ ಮಾತಾಡಿ ಕಳಿಸುವುದು ರೂಢಿ.

ಅಂಜಿಕೆ ಸಣ್ಣದಾಗಿ ಉಳಿಯದೆ ಎರಡು ವಾರಕ್ಕಿಂತ ಹೆಚ್ಚು ನಿದ್ದೆ, ಊಟ, ಕೆಲಸ ಕೆಡಿಸುತ್ತಿದ್ದರೆ ಈ ಮೆಟ್ಟಿಲು ಸಾಲದು. ಅಲ್ಲಿನ ಡಾಕ್ಟರನ್ನು ಕಾಣಿ. ಊರಿನಲ್ಲಿರುವ ಅಪ್ಪ-ಅವ್ವನಿಗೇ ಮಗನ ಚಿಂತೆಯಲ್ಲಿ ಎದೆಗುದಿ ಹತ್ತಿದ್ದರೆ ಅವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಎದುರು ಕೂತು ತೋರಿಸಬೇಕೆಂದರೆ ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ.

ಸರಿರಾತ್ರಿಯ ಕರೆ

ಊರಿನ ಬೆಳಿಗ್ಗೆ ಆರು ಎಂದರೆ ಲಂಡನ್ನಿನವರಿಗೆ ನಡುರಾತ್ರಿ ಒಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ನಿಮ್ಮ ಹುಟ್ಟುಹಬ್ಬಕ್ಕೆ ಮೊದಲು ಹರಸಬೇಕೆಂದು ಹಾವೇರಿಯ ದೊಡ್ಡವ್ವ ಸ್ನಾನ ಮುಗಿಸಿ ಫೋನ್ ಹಚ್ಚುತ್ತಾರೆ. ಇಲ್ಲಿ ಮನೆಮಂದಿಯೆಲ್ಲ ಎದ್ದು, 'ಯಾರಿಗೆ ಏನಾತು' ಎಂದು ಕೈ ನಡುಗುತ್ತಿರುತ್ತದೆ. ಇದಕ್ಕೆ ಮನೆಯೊಳಗೆ ಒಂದು ಕರಾರು ಮಾಡಿಕೊಳ್ಳಿ. ಶುಭ ಸುದ್ದಿಗೆ ರಾತ್ರಿ ಕರೆ ಇಲ್ಲ, ಧ್ವನಿ ಸಂದೇಶ ಮಾತ್ರ. ಖರೆ ತುರ್ತು ಇದ್ದರೆ ಬಿಡದೆ ಎರಡು ಸಲ ಕರೆ ಮಾಡಬೇಕು. ಊರಿನ ಮೂರು ನಂಬರುಗಳನ್ನು (ಅಪ್ಪ, ಅಣ್ಣ, ಪಕ್ಕದ ಮನೆಯವರು) ಫೋನಿನ 'ತೊಂದರೆ ಕೊಡಬೇಡಿ' ಪಟ್ಟಿಯಿಂದ ಹೊರಗಿಟ್ಟು ಉಳಿದದ್ದೆಲ್ಲ ರಾತ್ರಿ ಮೌನವಾಗಿರಲಿ. ಕರೆ ಬಂದರೆ ಮೊದಲ ಮಾತೇ "ಎಲ್ಲಾರೂ ಅರಾಮ್ ಅದೀವಿ" ಅಥವಾ "ಒಂದು ಕೆಲಸ ಐತಿ" ಎಂದಿರಬೇಕು. "ಮಲ್ಕೊಂಡಿದ್ದೇನಪಾ, ಊಟ ಆತ?" ಎಂದು ಶುರು ಮಾಡಿದರೆ ಕೇಳುವವರ ಜೀವ ಬಾಯಿಗೆ ಬಂದಿರುತ್ತದೆ.

ದೊಡ್ಡವ್ವನಿಗೆ ಧ್ವನಿ ಸಂದೇಶ ಕಳಿಸಲು ಬರದಿದ್ದರೆ ಮುಂದಿನ ಸಲ ಊರಿಗೆ ಹೋದಾಗ ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡುವುದನ್ನು ಹತ್ತು ಸಲ ಮಾಡಿಸಿ. ಬೆರಳು ಬೇಗ ಬಿಟ್ಟುಬಿಡುತ್ತಾರೆ, ಅದೊಂದೇ ತೊಡಕು. ಬೆರಳನ್ನು ಮೇಲಕ್ಕೆ ಎಳೆದು ಲಾಕ್ ಮಾಡುವುದನ್ನು ಕಲಿಸಿದರೆ ಅದೂ ಇಲ್ಲ.